ಆ ಪತ್ರದ ಹಿಂದೆ ಕಾಯ್ದೆ ಇದೆಯಾ? ಬ್ರಿಟನ್ನಿಗೆ ಹೊಸದಾಗಿ ಬಂದ ಕನ್ನಡಿಗರಿಗೆ

ಬ್ರಿಟನ್ನಿಗೆ ಬಂದ ಮೊದಲ ವರ್ಷ ಪತ್ರಗಳ ಕಾಟ ಜಾಸ್ತಿ. ಹೋಮ್ ಆಫೀಸಿನ ಇ-ಮೇಲ್, ಕೌನ್ಸಿಲ್ ಟ್ಯಾಕ್ಸ್ ಬಿಲ್, ಮಗುವಿನ ಶಾಲೆಯ ನೋಟೀಸು. ಎಲ್ಲದರಲ್ಲೂ ‘ನಿಯಮದ ಪ್ರಕಾರ’ ಅನ್ನುವ ಮಾತು ಇದ್ದೇ ಇರುತ್ತದೆ. ನಮ್ಮವರು ಅದನ್ನು ಓದಿ ಸುಮ್ನೆ ಒಪ್ಪಿಕೊಂಡುಬಿಡುತ್ತಾರೆ. ಒಪ್ಪುವ ಮೊದಲು ಒಂದು ವಿಷಯ ನೋಡಿಕೊಳ್ಳಿ. ಆ ನಿಯಮ ಪಾರ್ಲಿಮೆಂಟ್ ಮಾಡಿದ ಕಾಯ್ದೆಯಾ, ಕಾಯ್ದೆಯ ಅಡಿಯಲ್ಲಿ ಮಂತ್ರಿ ತಂದ ರೂಲ್ಸಾ, ಇಲ್ಲಾ ಇಲಾಖೆ ತನ್ನ ಸಿಬ್ಬಂದಿಗೆ ಬರೆದುಕೊಟ್ಟ ಗೈಡೆನ್ಸಾ? ಮೂರಕ್ಕೂ ಒಂದೇ ಬಲ ಇಲ್ಲ.

ಕಾಯ್ದೆ ಆಗುವ ರೀತಿ ನಮಗೆ ಹೊಸದಲ್ಲ, ದೆಹಲಿಯ ಪದ್ಧತಿ ಹೋಗಿದ್ದೇ ಇಲ್ಲಿಂದ. ಮಸೂದೆ ಹೌಸ್ ಆಫ್ ಕಾಮನ್ಸ್ ಮತ್ತು ಹೌಸ್ ಆಫ್ ಲಾರ್ಡ್ಸ್ ದಾಟಬೇಕು, ಆಮೇಲೆ ರಾಜರ ಅಂಕಿತ ಬೀಳಬೇಕು. 1708ರ ನಂತರ ಯಾವ ರಾಜನೂ ರಾಣಿಯೂ ಅಂಕಿತ ಹಾಕಲ್ಲ ಅಂದಿಲ್ಲ. ನಮಗೆ ಹೊಸದು ಅನಿಸುವುದು ಕೋರ್ಟಿನ ಮಿತಿ. ಭಾರತದಲ್ಲಿ ಸಂವಿಧಾನಕ್ಕೆ ವಿರುದ್ಧವಾದರೆ ಸುಪ್ರೀಂ ಕೋರ್ಟ್ ಕಾಯ್ದೆಯನ್ನೇ ರದ್ದು ಮಾಡುತ್ತದೆ. ಇಲ್ಲಿ ಒಂದೇ ಪುಸ್ತಕವಾಗಿ ಬರೆದಿಟ್ಟ ಸಂವಿಧಾನ ಇಲ್ಲ, ವೆಸ್ಟ್‌ಮಿನ್‌ಸ್ಟರ್ (ಲಂಡನ್ನಿನ ಪಾರ್ಲಿಮೆಂಟ್) ಮಾಡಿದ ಕಾಯ್ದೆಯನ್ನು ಕೋರ್ಟು ರದ್ದು ಮಾಡುವಂತಿಲ್ಲ. 1998ರ ಮಾನವ ಹಕ್ಕುಗಳ ಕಾಯ್ದೆಯ ಅಡಿಯಲ್ಲಿ, ಇದು ಮಾನವ ಹಕ್ಕುಗಳಿಗೆ ಹೊಂದುವುದಿಲ್ಲ ಎಂದು ಮೇಲಿನ ಕೋರ್ಟುಗಳು ಘೋಷಿಸಬಹುದು ಅಷ್ಟೇ. ತಿದ್ದುವುದು ಬಿಡುವುದು ಪಾರ್ಲಿಮೆಂಟಿಗೆ ಸೇರಿದ್ದು.

ಆದರೆ ಕಾಯ್ದೆಗಿಂತ ಕೆಳಗಿನದನ್ನೆಲ್ಲ ಕೋರ್ಟು ಪರೀಕ್ಷೆ ಮಾಡಬಹುದು, ತಪ್ಪಿದ್ದರೆ ರದ್ದೂ ಮಾಡಬಹುದು. ವೀಸಾದವರ ಬದುಕು ನಡೆಯುವುದು ಹೆಚ್ಚಾಗಿ ಈ ಕೆಳಗಿನ ಹಂತದಲ್ಲೇ. 1971ರ ಇಮಿಗ್ರೇಷನ್ ಕಾಯ್ದೆಯ ಪ್ರಕಾರ ಗೃಹಮಂತ್ರಿ ಇಮಿಗ್ರೇಷನ್ ರೂಲ್ಸನ್ನು ಪಾರ್ಲಿಮೆಂಟಿನ ಮುಂದೆ ಇಡಬೇಕು. ಯಾವುದಾದರೂ ಒಂದು ಸದನ 40 ದಿನದೊಳಗೆ ಬೇಡ ಅನ್ನಬಹುದು. ಹಾಗನ್ನುವುದು ತೀರಾ ಅಪರೂಪ. ಅದಕ್ಕೇ ವೀಸಾ ರೂಲ್ಸು ಇಷ್ಟು ಬೇಗಬೇಗ ಬದಲಾಗುತ್ತವೆ. ಅದರ ಕೆಳಗೆ ಕೇಸ್‌ವರ್ಕರುಗಳಿಗೆ, ಅಂದರೆ ಅರ್ಜಿ ನೋಡುವ ಸಿಬ್ಬಂದಿಗೆ, ಬರೆದ ಗೈಡೆನ್ಸ್. ಅದು ಪಾರ್ಲಿಮೆಂಟಿನ ಮುಂದೆ ಹೋಗುವುದೇ ಇಲ್ಲ.

ಈ ವ್ಯತ್ಯಾಸದಿಂದ ಏನಾಗುತ್ತದೆ ಅಂತ ತಿಳಿಯಲು ಭಾರತೀಯ ಡಾಕ್ಟರುಗಳ ಕೇಸನ್ನು ನೋಡಬೇಕು. ಇಲ್ಲಿಗೆ ಬಂದ ಪ್ರತಿಯೊಬ್ಬ ಕನ್ನಡಿಗರಿಗೂ ಇದು ಗೊತ್ತಿರಬೇಕು ಅನ್ನುವುದು ನನ್ನ ಆಸೆ. 2006ರವರೆಗೆ ಹೊರದೇಶದ ಡಾಕ್ಟರುಗಳು ವರ್ಕ್ ಪರ್ಮಿಟ್ ಇಲ್ಲದೆ ಇಲ್ಲಿ ತರಬೇತಿ ಪಡೆಯಬಹುದಿತ್ತು. ಆ ವರ್ಷ ಆ ಬಾಗಿಲು ಮುಚ್ಚಿತು. ಹೆಚ್ಚಿನ ಕೌಶಲದವರಿಗೆಂದು ಎಚ್‌ಎಸ್‌ಎಂಪಿ ಎಂಬ ವೀಸಾ ಇತ್ತು, ಅದನ್ನು ಪಡೆದವರಿಗೆ ರೂಲ್ಸಿನಲ್ಲಿ ಕೆಲಸಕ್ಕೆ ಅಡ್ಡಿ ಇರಲಿಲ್ಲ. ಆದರೆ ಆರೋಗ್ಯ ಇಲಾಖೆ ಆಸ್ಪತ್ರೆಗಳಿಗೆ ಬೇರೆಯೇ ಸೂಚನೆ ಕಳಿಸಿತು. ತರಬೇತಿ ಮುಗಿಯುವ ಮೊದಲೇ ವೀಸಾ ಮುಗಿಯುವಂತಿದ್ದರೆ, ಬ್ರಿಟನ್ ಮತ್ತು ಯುರೋಪಿನ ಅಭ್ಯರ್ಥಿಗಳು ಸಿಗದಿದ್ದಾಗ ಮಾತ್ರ ಅವರನ್ನು ಪರಿಗಣಿಸಿ ಅಂತ. ಸಾಲ ಮಾಡಿ ಪರೀಕ್ಷೆ ಪಾಸು ಮಾಡಿ ಬಂದವರಿಗೆ ಒಂದು ಗೈಡೆನ್ಸಿನಿಂದ ದಾರಿ ಬಂದ್ ಆಯಿತು.

ಭಾರತೀಯ ಮೂಲದ ಡಾಕ್ಟರುಗಳ ಸಂಘ ಬಾಪಿಯೋ ಕೋರ್ಟಿಗೆ ಹೋಯಿತು. ಹೈಕೋರ್ಟಿನಲ್ಲಿ ಸೋತಿತು, ಬಿಡಲಿಲ್ಲ. ಆಗ ಕೊನೆಯ ಮೇಲ್ಮನವಿಯನ್ನು ಕೇಳುತ್ತಿದ್ದವರು ಹೌಸ್ ಆಫ್ ಲಾರ್ಡ್ಸ್‌ನ ನ್ಯಾಯಾಧೀಶರು, ಸುಪ್ರೀಂ ಕೋರ್ಟ್ ಶುರುವಾಗಿದ್ದು 2009ರಲ್ಲಿ. 2008ರ ಏಪ್ರಿಲ್‌ನಲ್ಲಿ ಅವರು ಬಹುಮತದಿಂದ ಆ ಗೈಡೆನ್ಸ್ ಕಾನೂನುಬಾಹಿರ ಎಂದರು. 2012ರಲ್ಲಿ ಆಲ್ವಿ ಎಂಬ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಬಿಡಿಸಿ ಹೇಳಿತು: ಅರ್ಜಿದಾರರು ಪೂರೈಸಲೇಬೇಕಾದ ಷರತ್ತು ಏನಿದ್ದರೂ ಅದು ಪಾರ್ಲಿಮೆಂಟಿನ ಮುಂದಿಟ್ಟ ರೂಲ್ಸಿನಲ್ಲೇ ಇರಬೇಕು.

ಕೋರ್ಟಿನ ಮಾತು ಹಾಗಿರಲಿ, ದಿನಾ ಎದುರಾಗುವ ಒಂದು ಉದಾಹರಣೆ ಹೇಳುತ್ತೇನೆ. ಕಾರಿನ ಗಾಜಿನ ಮೇಲೆ ಪಿಸಿಎನ್ ಎಂಬ ಚೀಟಿ ಅಂಟಿಸಿದ್ದಾರೆ ಅಂತಿಟ್ಟುಕೊಳ್ಳಿ. ಮೊದಲು ಅದನ್ನು ಕೊಟ್ಟವರ ಹೆಸರು ಓದಿ. ಕೌನ್ಸಿಲ್ (ಸ್ಥಳೀಯ ಆಡಳಿತ) ಕೊಟ್ಟಿದ್ದರೆ ಅದು ಪೆನಾಲ್ಟಿ ಚಾರ್ಜ್ ನೋಟೀಸ್, ಹಿಂದೆ ಕಾಯ್ದೆ ಇದೆ. ಸಾಮಾನ್ಯವಾಗಿ 14 ದಿನದೊಳಗೆ ಕಟ್ಟಿದರೆ ಅರ್ಧ ದುಡ್ಡು. ತಕರಾರಿದ್ದರೆ ಮೊದಲು ಕೌನ್ಸಿಲ್‌ಗೆ ಬರೆಯಿರಿ, ಅವರು ಒಪ್ಪದಿದ್ದರೆ ಸ್ವತಂತ್ರ ಟ್ರಿಬ್ಯೂನಲ್ ಇದೆ, ಅಲ್ಲಿ ಫೀಸಿಲ್ಲ. ಸೂಪರ್‌ಮಾರ್ಕೆಟಿನ ಜಾಗ ನೋಡಿಕೊಳ್ಳುವ ಖಾಸಗಿ ಕಂಪನಿ ಕೊಟ್ಟಿದ್ದರೆ ಅದು ಪಾರ್ಕಿಂಗ್ ಚಾರ್ಜ್ ನೋಟೀಸ್. ಅದು ಸರ್ಕಾರಿ ದಂಡ ಅಲ್ಲವೇ ಅಲ್ಲ, ಒಪ್ಪಂದ ಮುರಿದಿರಿ ಎಂದು ಆ ಕಂಪನಿ ಕೇಳುವ ಹಣ. ಹಾಗಂತ ಎಸೆಯಬೇಡಿ, ಅವರು ಕೌಂಟಿ ಕೋರ್ಟಿಗೆ ಹೋಗಬಹುದು.

ಯಾವುದೇ ಕಚೇರಿ ಇಲ್ಲ ಎಂದರೆ, ಯಾವ ಕಾಯ್ದೆಯ ಯಾವ ಸೆಕ್ಷನ್ ಪ್ರಕಾರ ಇಲ್ಲ ಎಂದು ಇ-ಮೇಲ್‌ನಲ್ಲೇ ಕೇಳಿ. ಫೋನಿನಲ್ಲಿ ಬೇಡ, ದಾಖಲೆ ಉಳಿಯಲ್ಲ. ಹೀಗೆ ಕೇಳುವುದನ್ನು ಇಲ್ಲಿ ಯಾರೂ ಜಗಳ ಅಂದುಕೊಳ್ಳುವುದಿಲ್ಲ. ಅವರು ಹೇಳಿದ ಸೆಕ್ಷನ್ನನ್ನು ಲೆಜಿಸ್ಲೇಷನ್ ಡಾಟ್ ಗವ್ ಡಾಟ್ ಯುಕೆಯಲ್ಲಿ ಪುಕ್ಕಟೆಯಾಗಿ ಓದಬಹುದು. ಇಂಗ್ಲೆಂಡಿನ ಕಾಯ್ದೆ ಸ್ಕಾಟ್ಲೆಂಡಿಗೆ ಅನ್ವಯಿಸದೇ ಇರಬಹುದು, ಅದನ್ನೂ ಗಮನಿಸಿ. ಇಂಗ್ಲೆಂಡಿನಲ್ಲಿ ಮನೆ ಮಾಲೀಕರು ಬಾಡಿಗೆದಾರರ ವೀಸಾ ಪರೀಕ್ಷಿಸಬೇಕು, ಸ್ಕಾಟ್ಲೆಂಡಿನಲ್ಲಿ ಆ ನಿಯಮ ಜಾರಿಯಲ್ಲಿಲ್ಲ.

ವೀಸಾ ತಿರಸ್ಕಾರವಾದರೆ ಮಾತ್ರ ವಾಟ್ಸ್ಆ್ಯಪ್ ಗುಂಪಿನಲ್ಲಿ ಕೇಳುತ್ತಾ ಕೂರಬೇಡಿ. ಮುಂದಿನ ದಾರಿ ಯಾವುದು, ಎಷ್ಟು ದಿನದೊಳಗೆ ಅನ್ನುವುದನ್ನು ಆ ಪತ್ರದಲ್ಲೇ ಹುಡುಕಿ. ಜುಡಿಷಿಯಲ್ ರಿವ್ಯೂಗೆ, ಅಂದರೆ ಸರ್ಕಾರದ ತೀರ್ಮಾನ ಕಾನೂನಿನ ಪ್ರಕಾರ ಇದೆಯಾ ಎಂದು ನೋಡಲು ಕೋರ್ಟನ್ನು ಕೇಳುವುದಕ್ಕೆ, ಹೆಚ್ಚೆಂದರೆ ಮೂರು ತಿಂಗಳು, ಅದರಲ್ಲೂ ತಡಮಾಡದೆ ಹೋಗಬೇಕು. ಇಮಿಗ್ರೇಷನ್ ಸಲಹೆ ಕೊಡಲು ಅರ್ಹತೆ ಇಲ್ಲದವರು ಸಲಹೆ ಕೊಡುವ ಸೇವೆ ನಡೆಸುವುದು 1999ರ ಕಾಯ್ದೆಯ ಪ್ರಕಾರ ಅಪರಾಧ. ಹಾಗಾಗಿ ಸಾಲಿಸಿಟರ್ (ವಕೀಲರು) ಅಥವಾ ನೋಂದಾಯಿತ ಸಲಹೆಗಾರರ ಹತ್ತಿರವೇ ಹೋಗಿ.

ನಿಮ್ಮ ಎಂಪಿಗೂ ಬರೆಯಿರಿ, ವೀಸಾದಲ್ಲಿದ್ದರೂ ನೀವು ಅವರ ಕ್ಷೇತ್ರದವರೇ. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ವೀಸಾ ಇದ್ದು 18 ತುಂಬಿದವರು ಇಲ್ಲಿನ ಪಾರ್ಲಿಮೆಂಟ್ ಚುನಾವಣೆಯಲ್ಲಿ ಓಟು ಹಾಕಬಹುದು. ಗವ್ ಡಾಟ್ ಯುಕೆಯಲ್ಲಿ ಹೆಸರು ನೋಂದಾಯಿಸಲು ಐದು ನಿಮಿಷ ಸಾಕು. ಇಂಗ್ಲೆಂಡಿನ ಮತಗಟ್ಟೆಯಲ್ಲಿ ಗುರುತಿಗೆ ಭಾರತದ ಪಾಸ್‌ಪೋರ್ಟ್ ತೋರಿಸಿದರೂ ನಡೆಯುತ್ತದೆ.