ಸೈಲೆನ್ಸರ್ ನಟ್ ಯಾಕೆ ನಿಲ್ಲುತ್ತಿರಲಿಲ್ಲ

ಚಿತ್ತಾಪುರ ತಾಲ್ಲೂಕಿನಲ್ಲಿ ಕಾಗಿಣಾ ದಂಡೆಗೆ ನಮ್ಮ ಹೊಲ. ತೊಗರಿಗೆ ಮಳೆ ಸಾಕು, ಉಳ್ಳಾಗಡ್ಡಿಗೆ ಮಾತ್ರ ಹೊಳೆ ನೀರೇ ಬೇಕು. ಅದಕ್ಕೆ ಒಂದು ಚಿಕ್ಕ ಪೆಟ್ರೋಲ್ ಪಂಪ್ ಇಟ್ಟುಕೊಂಡಿದ್ದೇನೆ. ಅದರ ಸೈಲೆನ್ಸರ್ ಹಿಡಿದಿರುವ ಎರಡು ನಟ್ ನನ್ನನ್ನು ಒಂದು ಇಡೀ ಹಂಗಾಮು ಕಾಡಿದವು. ಬೆಳಿಗ್ಗೆ ಬಿಗಿ ಮಾಡಿದರೆ ಸಂಜೆಗೆ ಸಡಿಲ. ಎರಡು ಸಲ ನಟ್ ಉದುರಿ ಎರೆ ಮಣ್ಣಿನಲ್ಲಿ ಕಳೆದೇ ಹೋಯಿತು. ಸೈಲೆನ್ಸರ್ ಸಡಿಲಾದರೆ ಬರೀ ಸದ್ದಿನ ತೊಂದರೆ ಅಲ್ಲ. ಬಿಸಿ ಹೊಗೆ ಪಕ್ಕಕ್ಕೆ ಚಿಮ್ಮುತ್ತದೆ, ಮೇಲೆಯೇ ಪೆಟ್ರೋಲ್ ಟ್ಯಾಂಕ್, ಸುತ್ತ ಒಣ ಹುಲ್ಲು. ನನಗೆ ನಿಜವಾಗಿ ಹೆದರಿಕೆ ಆಗಿತ್ತು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಸ್ಪ್ರಿಂಗ್ ವಾಷರ್ ಹಾಕಿದೆ. ಆಮೇಲೆ ಥ್ರೆಡ್ ಹಿಡಿಯಲು ಒಳಗೆ ನೈಲಾನ್ ಬಳೆ ಇರುವ ನೈಲಾಕ್ ನಟ್ ತಂದೆ. ಅದರೊಳಗಿನ ನೈಲಾನ್ ಸುಮಾರು 120 ಡಿಗ್ರಿ ತನಕ ತಾಳುತ್ತದೆ, ಸೈಲೆನ್ಸರ್ ಬುಡದಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಬಿಸಿ. ಎರಡೇ ದಿನಕ್ಕೆ ನೈಲಾನ್ ಕರಗಿ ಕಪ್ಪಾಗಿತ್ತು. ಥ್ರೆಡ್ ಸಡಿಲಾಗದಂತೆ ಹಚ್ಚುವ ನೀಲಿ ಅಂಟು ಹಾಕಿದೆ, ಅದೂ ಸುಟ್ಟು ಪುಡಿಯಾಯಿತು. ಕೊನೆಗೆ ಪಾನಾಗೆ ಪೈಪ್ ಸಿಗಿಸಿ ಜೋರಾಗಿ ತಿರುಗಿಸಿದೆ. ಅದೇ ದೊಡ್ಡ ತಪ್ಪು. ನಟ್ ಕೂರುವ ತಲೆಯಿಲ್ಲದ ಬೋಲ್ಟ್, ಅಂದರೆ ಸ್ಟಡ್, ಕೂತಿರುವುದು ಎಂಜಿನ್ನಿನ ಅಲ್ಯುಮಿನಿಯಂ ಹೆಡ್‌ನಲ್ಲಿ. ಒಂದು ತೂತಿನ ಥ್ರೆಡ್ ಅರ್ಧ ಕಿತ್ತು ಬಂತು.

ದಾರಿ ತೋರಿಸಿದ್ದು ಡಿಪ್ಲೊಮಾ ಓದುತ್ತಿರುವ ತಂಗಿಯ ಮಗ. "ಮಾಮಾ, ತಪ್ಪು ನಟ್ಟಿಂದಲ್ಲರಿ. ಅದರ ಕೆಳಗ ಏನ್ ಸರಿದಾಡ್ತದ ನೋಡ್ರಿ" ಅಂದ. ಬೋಲ್ಟ್ ಹಿಡಿದ ಎರಡು ಭಾಗ ಅಡ್ಡಡ್ಡ ಸರಿದಾಡಿದರೆ ನಟ್ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ ಅಂತ ಗೆರ್ಹಾರ್ಡ್ ಯುಂಕರ್ ಎಂಬ ಜರ್ಮನ್ ಎಂಜಿನಿಯರ್ 1969ರಲ್ಲೇ ತೋರಿಸಿದ್ದರಂತೆ. ಸೈಲೆನ್ಸರ್ ಬಿಚ್ಚಿ ನೋಡಿದೆ. ಹೆಡ್ಡಿಗೆ ಕೂರುವ ಅದರ ಪಟ್ಟಿಯ ಮುಖ ಒಂದು ಕಡೆ ಉಜ್ಜಿ ಕನ್ನಡಿಯಂತೆ ಹೊಳೆಯುತ್ತಿತ್ತು. ಅಂದರೆ ಅದು ಸರಿದಾಡುತ್ತಲೇ ಇತ್ತು! ಎಂಜಿನ್ ನಿಮಿಷಕ್ಕೆ 3600 ಸುತ್ತು ತಿರುಗಿದರೆ ಗಂಟೆಗೆ 2,16,000 ಸುತ್ತು. ಅಷ್ಟು ಸಲ ಅಲುಗಾಡಿದರೆ ಯಾವ ನಟ್ ತಾನೆ ನಿಲ್ಲುತ್ತದೆ?

ಯಾಕೆ ಸರಿದಾಡುತ್ತಿತ್ತು ಅನ್ನುವುದೂ ಆಗ ಕಂಡಿತು. ಪಟ್ಟಿಗೂ ಹೆಡ್ಡಿಗೂ ನಡುವಿನ ಪ್ಯಾಕಿಂಗ್ ಸುಟ್ಟು ತೆಳ್ಳಗಾಗಿತ್ತು. ಸೈಲೆನ್ಸರ್‌ಗೆ ಕೆಳಗಿನಿಂದ ಆಸರೆ ಕೊಡುವ ಕೊಂಡಿಯ ಬೋಲ್ಟ್ ಎಂದೋ ಬಿದ್ದುಹೋಗಿತ್ತು. ನಾನು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಇಡೀ ಸೈಲೆನ್ಸರ್‌ನ ಭಾರ ಎರಡು ಸ್ಟಡ್ ಮೇಲೆ ಜೋತುಬಿದ್ದಿತ್ತು. ಇನ್ನು ಪಂಪಿನ ರಬ್ಬರ್ ಕಾಲು ಹರಿದು, ಅದು ನೇರವಾಗಿ ಶಹಾಬಾದ್ ಕಲ್ಲಿನ ಮೇಲೆ ಕುಣಿಯುತ್ತಿತ್ತು.

ಹೆಡ್ಡನ್ನು ಲೇತ್ ಅಂಗಡಿಗೆ ಒಯ್ದು, ಕೆಟ್ಟ ತೂತಿಗೆ ಸ್ಟೀಲ್ ಸುರುಳಿ ಕೂರಿಸಿ ಹೊಸ ಥ್ರೆಡ್ ಮಾಡಿಸಿದೆ. ಸ್ಟಡ್ ಎರಡೂ ಹೊಸವು. ಗಾಜಿನ ಮೇಲೆ ಎಮರಿ ಪೇಪರ್ ಇಟ್ಟು, ಪಟ್ಟಿಯ ಮುಖವನ್ನು ಸಮ ಆಗುವ ತನಕ ನಿಧಾನಕ್ಕೆ ಉಜ್ಜಿದೆ. ಹೊಸ ಪ್ಯಾಕಿಂಗ್ ಹಾಕಿದೆ. ನೈಲಾನ್ ಇಲ್ಲದ, ಪೂರ್ತಿ ಲೋಹದ ಲಾಕ್ ನಟ್ ತಂದೆ. ಅದರ ತುದಿ ಸ್ವಲ್ಪ ಅಮುಕಿರುತ್ತದೆ, ಹಾಗಾಗಿ ಬಿಸಿಯಲ್ಲೂ ಥ್ರೆಡ್ಡನ್ನು ಕಚ್ಚಿ ಹಿಡಿಯುತ್ತದೆ.

ಬಿಗಿ ಮಾಡುವ ಕ್ರಮ ತುಂಬ ಮುಖ್ಯ. ಮೊದಲು ಎಲ್ಲ ನಟ್‌ಗಳನ್ನೂ ಕೈಯಲ್ಲೇ ತಿರುಗಿಸಿ ನಿಲ್ಲಿಸಿದೆ, ಕೊಂಡಿಯ ಬೋಲ್ಟ್ ಕೂಡ. ಆಮೇಲೆ ಪಟ್ಟಿಯ ಎರಡು ನಟ್‌ಗಳನ್ನು ಸ್ವಲ್ಪ ಅದನ್ನು, ಸ್ವಲ್ಪ ಇದನ್ನು ಅಂತ ಬಿಗಿ ಮಾಡಿದೆ. ನನ್ನ ಎಂಜಿನ್ ಪುಸ್ತಕದಲ್ಲಿ ಈ ನಟ್ ಬಿಗಿಯುವ ಬಲ (ಟಾರ್ಕ್) 24 ನ್ಯೂಟನ್ ಮೀಟರ್ ಅಂತಿದೆ. ಗ್ಯಾರೇಜಿನಿಂದ ಆ ಬಲ ಅಳೆಯುವ ಟಾರ್ಕ್ ಪಾನಾ ಕೇಳಿ ತಂದು ಅಷ್ಟಕ್ಕೇ ನಿಲ್ಲಿಸಿದೆ. ಕೊಂಡಿಯದು ಕೊನೆಗೆ. ಅದನ್ನು ಮೊದಲೇ ಬಿಗಿದರೆ ಸೈಲೆನ್ಸರ್ ಸೊಟ್ಟ ಎಳೆದುಕೊಂಡು ಕೂರುತ್ತದೆ. ಹತ್ತು ನಿಮಿಷ ಓಡಿಸಿ, ಪೂರ್ತಿ ತಣ್ಣಗಾದ ಮೇಲೆ ಮತ್ತೆ ಪಾನಾ ಹಾಕಿದೆ. ಹೊಸ ಪ್ಯಾಕಿಂಗ್ ಮೊದಲ ಬಿಸಿಗೆ ಅಮುಕಿಕೊಳ್ಳುತ್ತದೆ ಅಲ್ವಾ, ಎರಡೂ ನಟ್ ಸ್ವಲ್ಪ ಸ್ವಲ್ಪ ತಿರುಗಿದವು. ಪಂಪಿನ ಕೆಳಗೆ ಹಳೆ ಟ್ರ್ಯಾಕ್ಟರ್ ಟೈರಿನ ತುಂಡು ಕೊಯ್ದು ಇಟ್ಟೆ.

ಕೊಂಡಿಯ ಬೋಲ್ಟ್ ಮೇಲೆ ಬಿಳಿ ಬಣ್ಣದ ಗೆರೆ ಎಳೆದಿದ್ದೇನೆ. ಪಟ್ಟಿಯ ನಟ್ ಹತ್ತಿರ ಬಣ್ಣ ಸುಡುತ್ತದೆ, ಅಲ್ಲಿ ಉಳಿಯಿಂದ ಸಣ್ಣ ಗೀರು ಹಾಕಿದೆ. ಎರಡು ಹಂಗಾಮು ಆಯಿತು, ಗೆರೆಯೂ ಗೀರೂ ಜಾಗ ಬಿಟ್ಟಿಲ್ಲ. ಉಳಿದ ನೈಲಾಕ್ ನಟ್‌ಗಳನ್ನು ಪಂಪಿನ ಫ್ರೇಮಿಗೆ ಹಾಕಿದೆ. ಬಿಸಿ ತಾಗದ ಆ ಜಾಗದಲ್ಲಿ ಅವು ಚೆನ್ನಾಗಿ ಹಿಡಿದಿವೆ.