ಕ್ಯಾನ್ ಲೈನ್ ಫಾಲ್ಟ್: ಇಸಿಎಂ ಬಿಚ್ಚುವ ಮೊದಲು ನಾನು ನೋಡುವುದು

ಡಿಸ್‌ಪ್ಲೇ ಮೇಲೆ ಒಂದೇ ಸಲಕ್ಕೆ ಏಳೆಂಟು ಕೋಡ್. ಇಂಜಿನ್ ಸ್ಟಾರ್ಟ್ ಆಗುತ್ತದೆ, ಆದರೆ ಆರ್‌ಪಿಎಂ ಸೊನ್ನೆ ತೋರಿಸುತ್ತದೆ, ಥ್ರಾಟಲ್ ಡಯಲ್ ಎಷ್ಟು ತಿರುಗಿಸಿದರೂ ಐಡಲ್ ಬಿಟ್ಟು ಮೇಲೇಳುವುದಿಲ್ಲ. ಇಂಥ ಎಕ್ಸ್‌ಕವೇಟರ್ ಎದುರಾದರೆ ಬಹಳ ಮಂದಿಗೆ ಮೊದಲ ಅನುಮಾನ ಇಸಿಎಂ ಮೇಲೆ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್ ಮೇಲೆ. ನನಗೆ ಅದು ಕೊನೆಯದು. ಮೆಷಿನ್ನಿನ ಕಂಟ್ರೋಲರ್‌ಗಳು (ಒಂದೊಂದು ಭಾಗ ನಡೆಸುವ ಚಿಕ್ಕ ಕಂಪ್ಯೂಟರ್‌ಗಳು) ತಮ್ಮೊಳಗೆ ಮಾತಾಡುವ ಎರಡು ತಂತಿಯ ಲೈನೇ ಕ್ಯಾನ್. ತಪ್ಪು ಸಾಮಾನ್ಯವಾಗಿ ಸಿಗುವುದು ಆ ತಂತಿಯಲ್ಲಿ, ಪಿನ್ನಿನಲ್ಲಿ, ಅರ್ಥಿಂಗ್‌ನಲ್ಲಿ.

ಕಮ್ಯುನಿಕೇಶನ್ ಕೋಡ್ ಓದುವಾಗ ಒಂದು ಮಾತು ನೆನಪಿರಲಿ: ದೂರು ಕೊಟ್ಟವನೇ ಕಳ್ಳನಲ್ಲ. ಜೆ1939 (ಭಾರೀ ಮೆಷಿನ್‌ಗಳ ಕ್ಯಾನ್ ನಿಯಮಾವಳಿ) ಲೈನಿನಲ್ಲಿ ಎಸ್‌ಪಿಎನ್ (ತಪ್ಪು ಯಾವುದರಲ್ಲಿ ಎಂಬ ಸಂಖ್ಯೆ) 639, ಎಫ್‌ಎಂಐ (ಎಂಥ ತಪ್ಪು ಎಂಬ ಸಂಖ್ಯೆ) 9 ಬಂದರೆ ಅದನ್ನು ಹಾಕಿದ ಕಂಟ್ರೋಲರ್ ಹೇಳುತ್ತಿರುವುದು ಇಷ್ಟೇ: ನನಗೆ ಬರಬೇಕಾದ ಸಂದೇಶ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಹಾಗಾಗಿ ಕೋಡ್ ಅಳಿಸುವ ಮೊದಲು ಪ್ರತಿ ಕೋಡನ್ನೂ, ಅದನ್ನು ಹಾಕಿದವರ ಸೋರ್ಸ್ ಅಡ್ರೆಸ್ಸನ್ನೂ (ಲೈನಿನಲ್ಲಿ ಅವರ ಗುರುತಿನ ಸಂಖ್ಯೆ), ಎಷ್ಟು ಸಲ ಬಂದಿದೆ ಎಂಬ ಎಣಿಕೆಯನ್ನೂ ಹಾಳೆಯಲ್ಲಿ ಬರೆದುಕೊಳ್ಳುತ್ತೇನೆ. ಇಂಜಿನ್ 0, ಟ್ರಾನ್ಸ್‌ಮಿಷನ್ 3, ಮೀಟರ್ ಕ್ಲಸ್ಟರ್ 23. ಎಲ್ಲರೂ ಯಾರ ಹೆಸರು ಹೇಳುತ್ತಿದ್ದಾರೆ, ಕೋಡ್ ಓದುವ ಟೂಲ್‌ನ ಪಟ್ಟಿಯಲ್ಲಿ ಯಾರು ಕಾಣುತ್ತಲೇ ಇಲ್ಲ, ಇವೆರಡೂ ಒಂದೇ ಕಂಟ್ರೋಲರ್ ಕಡೆ ಬೆರಳು ತೋರಿಸಿದರೆ ಅರ್ಧ ಕೆಲಸ ಮುಗಿದ ಹಾಗೆ.

ಆ ಮೌನಿಯ ಫ್ಯೂಸ್, ಪವರ್, ಅರ್ಥಿಂಗ್ ಮೊದಲು. ಇಲ್ಲಿ ಬರೀ ಮೀಟರ್ ನಂಬಬೇಡಿ. ಒಂದೇ ಎಳೆಯಲ್ಲಿ ನೇತಾಡುತ್ತಿರುವ ವೈರಿನಲ್ಲೂ ಮೀಟರ್ 24 ವೋಲ್ಟ್ ತೋರಿಸುತ್ತದೆ, ಯಾಕೆಂದರೆ ಅದು ಕರೆಂಟ್ ಎಳೆಯುವುದೇ ಇಲ್ಲ. ಕಂಟ್ರೋಲರ್ ಕನೆಕ್ಟರ್ ಬಿಚ್ಚಿ, ಹಾರ್ನೆಸ್ (ವೈರಿನ ಕಟ್ಟು) ಬದಿಯ ಪಾಸಿಟಿವ್ ಮತ್ತು ನೆಗೆಟಿವ್ ಪಿನ್ನುಗಳ ನಡುವೆ 24 ವೋಲ್ಟ್, 21 ವಾಟ್ ಬಲ್ಬ್ ಹಿಡಿಯುತ್ತೇನೆ. ಪ್ರಕಾಶಮಾನವಾಗಿ ಉರಿದರೆ ಪವರ್ ಸರಿ. ಮಂಕಾದರೆ ಎಲ್ಲೋ ತುಕ್ಕಿದೆ.

ಆಮೇಲೆ ಓಮ್. ಬ್ಯಾಟರಿ ಡಿಸ್‌ಕನೆಕ್ಟ್ ಸ್ವಿಚ್ ಆಫ್ ಮಾಡಿಯೇ ಅಳೆಯಬೇಕು, ಪವರ್ ಇರುವಾಗ ಸಿಗುವ ಓದುವಿಕೆಗೆ ಅರ್ಥವಿಲ್ಲ. ಹೊಗೆ ಶುದ್ಧಿಗೆ ಯೂರಿಯಾ ಸಿಸ್ಟಮ್ ಇರುವ ಮೆಷಿನ್‌ನಲ್ಲಿ ಪಂಪ್ ಲೈನ್ ಖಾಲಿ ಮಾಡಿಕೊಂಡು ಸೂಚಕ ದೀಪ ಆರುವವರೆಗೂ ಕಾದು, ಆಮೇಲೆ ಆ ಸ್ವಿಚ್ ಆಫ್ ಮಾಡಿ. ಒಂಬತ್ತು ಪಿನ್ನಿನ ಡಯಾಗ್ನೋಸ್ಟಿಕ್ ಕನೆಕ್ಟರ್‌ನಲ್ಲಿ ಸಿ ಎಂದರೆ ಕ್ಯಾನ್-ಹೈ, ಡಿ ಎಂದರೆ ಕ್ಯಾನ್-ಲೋ. ಲೈನಿನ ಎರಡು ತುದಿಯಲ್ಲೂ 120 ಓಮ್‌ನ ಒಂದೊಂದು ರೆಸಿಸ್ಟರ್ ಇರುವುದರಿಂದ ಸಿ-ಡಿ ನಡುವೆ 60 ಓಮ್ ಆಸುಪಾಸು ಬರಬೇಕು. 120 ಬಂದರೆ ಒಂದು ತುದಿ ಸಿಗುತ್ತಿಲ್ಲ: ರೆಸಿಸ್ಟರ್ ಹೋಗಿದೆ ಅಥವಾ ನಡುವೆ ಲೈನ್ ಕಡಿದಿದೆ. ಸೊನ್ನೆಯ ಹತ್ತಿರ ಬಂದರೆ ಹೈ, ಲೋ ಒಂದಕ್ಕೊಂದು ತಾಗಿವೆ. 40 ಬಂದರೆ ಯಾರೋ ಮೂರನೇ ರೆಸಿಸ್ಟರ್ ಸೇರಿಸಿದ್ದಾರೆ. ಆಗ ನಾನು ಮೊದಲು ಹುಡುಕುವುದು ಹೊರಗಿನಿಂದ ಹಾಕಿಸಿದ ಜಿಪಿಎಸ್ ಟ್ರ್ಯಾಕರ್. ಅದರೊಳಗೇ ಒಂದು 120 ಓಮ್ ಕೂತಿರುತ್ತದೆ, ತಂದವರಿಗೆ ಅದು ಗೊತ್ತಿರುವುದಿಲ್ಲ.

ಇದರಲ್ಲಿ ಎರಡು ಮೋಸವಿದೆ. ಕೆಲವು ಮೆಷಿನ್‌ಗಳಲ್ಲಿ ಒಂದು ರೆಸಿಸ್ಟರ್ ಇಸಿಎಂ ಒಳಗೇ ಇರುತ್ತದೆ. ಅದರ ಕನೆಕ್ಟರ್ ಬಿಚ್ಚಿದಾಗ 120 ಬರುವುದು ಸಹಜ, ಸರ್ಕ್ಯೂಟ್ ನೋಡದೆ ಗಾಬರಿಯಾಗಬೇಡಿ. ಇನ್ನೊಂದು, 60 ಬಂದ ಮಾತ್ರಕ್ಕೆ ಲೈನ್ ನಿರ್ದೋಷಿಯಲ್ಲ. ಒಂದು ಲೈನ್ ಮೆಷಿನ್ನಿನ ಬಾಡಿಗೆ (ಲೋಹದ ಚೌಕಟ್ಟಿಗೆ) ತಾಗಿದ್ದರೂ ಸಿ-ಡಿ ನಡುವೆ 60 ಓಮ್ಮೇ ಬರುತ್ತದೆ. ಹಾಗಾಗಿ ಸಿ ಮತ್ತು ಡಿ ಎರಡನ್ನೂ ಬೇರೆಬೇರೆಯಾಗಿ ಬಾಡಿಗೆ ಅಳೆಯಿರಿ. ಕಿಲೋ ಓಮ್‌ಗಳಲ್ಲಿ ಇರಬೇಕು.

ಈಗ ಪವರ್ ಕೊಟ್ಟು ಕೀ ಆನ್ ಮಾಡಿ, ಪಿನ್ ಎ ನೆಗೆಟಿವ್ ಆಗಿಟ್ಟುಕೊಂಡು ವೋಲ್ಟ್ ನೋಡುವುದು. ಹೈ 2.5ಕ್ಕಿಂತ ತುಸು ಮೇಲೆ, ಲೋ ತುಸು ಕೆಳಗೆ, ಎರಡೂ ಸೇರಿ ಸುಮಾರು 5. ಎರಡೂ 2.5ರಲ್ಲಿ ಅಲುಗಾಡದೆ ನಿಂತಿದ್ದರೆ ಯಾರೂ ಮಾತಾಡುತ್ತಿಲ್ಲ. ಎರಡೂ ಸೊನ್ನೆ ಕಡೆಗೆ ಕುಸಿದಿದ್ದರೆ ಬಾಡಿಗೆ ಶಾರ್ಟ್, 5 ದಾಟಿ ಬ್ಯಾಟರಿ ಕಡೆಗೆ ಏರಿದ್ದರೆ ಪಾಸಿಟಿವ್‌ಗೆ ಶಾರ್ಟ್. ಒಂದೇ ಲೈನ್ ತಾಗಿದ್ದರೂ 60 ಓಮ್ ಮೂಲಕ ಇನ್ನೊಂದನ್ನೂ ಎಳೆದುಕೊಂಡು ಹೋಗುತ್ತದೆ, ಆದ್ದರಿಂದ ಎರಡೂ ಒಟ್ಟಿಗೆ ಏರಿಳಿದರೆ ಆಶ್ಚರ್ಯವಿಲ್ಲ.

ಶಾರ್ಟ್ ಇದೆ ಎಂದು ಗೊತ್ತಾದ ಮೇಲೆ ಇಡೀ ಹಾರ್ನೆಸ್ ಬಿಚ್ಚುವುದು ಬೇಡ. ಲೈನನ್ನು ಮಧ್ಯಕ್ಕೆ ಕತ್ತರಿಸಿದ ಹಾಗೆ ನೋಡಿ: ಮತ್ತೆ ಪವರ್ ಆಫ್ ಮಾಡಿ, ಕ್ಯಾಬ್ ಮತ್ತು ಫ್ರೇಮ್ ಸೇರುವ ದೊಡ್ಡ ಕನೆಕ್ಟರ್ ಬಿಚ್ಚಿ ಎರಡೂ ಬದಿ ಅಳೆಯಿರಿ. ಒಳ್ಳೆಯ ಬದಿ 120 ತೋರಿಸುತ್ತದೆ, ಬಾಡಿಗೂ ತಾಗಿರುವುದಿಲ್ಲ. ಕೆಟ್ಟ ಬದಿಯಲ್ಲಿ ಕಂಟ್ರೋಲರ್‌ಗಳನ್ನು ಒಂದೊಂದಾಗಿ ಬಿಚ್ಚುತ್ತಾ ಮೀಟರ್ ನೋಡಿ. ಯಾವುದು ಬಿಚ್ಚಿದಾಗ ಓದುವಿಕೆ ಸರಿಯಾಯಿತೋ ಅದೇ. ಎಲ್ಲ ಬಿಚ್ಚಿದ ಮೇಲೂ ಸರಿಯಾಗದಿದ್ದರೆ ವೈರ್.

ಬಂದು ಹೋಗುವ ಫಾಲ್ಟ್ ಬೇರೆಯೇ ಜಾತಿ. ನಿಂತ ಮೆಷಿನ್‌ನಲ್ಲಿ ಎಲ್ಲ ಸರಿ, ಬೂಮ್ ಎತ್ತಿದರೆ ಕೋಡ್. ಇದಕ್ಕೆ ಮೀಟರನ್ನು ಮಿನ್-ಮ್ಯಾಕ್ಸ್‌ಗೆ (ಅತಿ ಕಡಿಮೆ, ಅತಿ ಹೆಚ್ಚು ಓದುವಿಕೆ ಹಿಡಿದಿಡುವ ಸೆಟ್ಟಿಂಗ್) ಹಾಕಿ, ಒಬ್ಬರು ಹಾರ್ನೆಸ್ ಅಲುಗಾಡಿಸಬೇಕು. ಲೋಡರ್ ಆದರೆ ಫ್ರೇಮ್ ಮಡಚುವ ಜಾಯಿಂಟ್, ಎಕ್ಸ್‌ಕವೇಟರ್ ಆದರೆ ಬೂಮ್ ಬುಡ, ಎಲ್ಲದರಲ್ಲೂ ಹೈಡ್ರಾಲಿಕ್ ಹೋಸ್ ಜೊತೆಗೆ ಒಂದೇ ಕ್ಲಾಂಪ್‌ನಲ್ಲಿ ಕಟ್ಟಿರುವ ಜಾಗ. ಹೋಸ್ ಪ್ರೆಶರ್‌ಗೆ ಕೊಸರಿದಾಗಲೆಲ್ಲ ವೈರಿನ ಹೊದಿಕೆ ಸವೆಯುತ್ತದೆ.

ಕನೆಕ್ಟರ್ ಬಿಚ್ಚಿದಾಗ ಆತುರ ಬೇಡ. ಒಳಗೆ ಹಸಿರು ಪುಡಿ ಇದೆಯೇ, ಖಾಲಿ ತೂತುಗಳಿಗೆ ಪ್ಲಗ್ ಇದೆಯೇ, ಬೆಣೆ ಲಾಕ್ ಪೂರ್ತಿ ಕೂತಿದೆಯೇ? ಹಿಂದಿನಿಂದ ಒಂದೊಂದು ವೈರನ್ನೂ ಮೆಲ್ಲಗೆ ಎಳೆಯಿರಿ, ಲಾಕ್ ಆಗದ ಪಿನ್ ಕೈಗೇ ಬರುತ್ತದೆ. ಹೆಣ್ಣು ಪಿನ್ನಿಗೆ ಮೀಟರ್‌ನ ದಪ್ಪ ಮೊನೆ ತುರುಕಿದರೆ ಅದು ಅಗಲವಾಗಿ, ಇಲ್ಲದ ಫಾಲ್ಟನ್ನು ನೀವೇ ಹುಟ್ಟಿಸಿದಂತೆ. ಅದೇ ಅಳತೆಯ ಒಂದು ಗಂಡು ಪಿನ್ ಜೇಬಿನಲ್ಲಿಟ್ಟುಕೊಂಡು, ತೂರಿಸಿ ಎಳೆದು ನೋಡಿ. ಸ್ವಲ್ಪ ಬಿಗಿ ಹಿಡಿಯಬೇಕು. ಮೊನೆಯಿಂದ ವೈರ್ ಚುಚ್ಚಿ ಅಳೆಯುವ ಚಟವೂ ಕೆಟ್ಟದ್ದು. ಆ ಸಣ್ಣ ತೂತಿನಿಂದ ನೀರು ಇಳಿದು ತಾಮ್ರದ ಎಳೆಗಳ ನಡುವೆ ಹರಿದು, ಎಲ್ಲೋ ದೂರದ ಕನೆಕ್ಟರ್‌ನಲ್ಲಿ ಹೋಗಿ ಕೂರುತ್ತದೆ.

ರಿಪೇರಿ ಮಾಡುವಾಗ ಹಳದಿ ಹೈ, ಹಸಿರು ಲೋ, ಎರಡನ್ನೂ ಹುರಿ ಹೊಸೆದ ಹಾಗೆಯೇ ಉಳಿಸಿ. ಹೊರಗಿನ ಗದ್ದಲ ಎರಡರ ಮೇಲೂ ಸಮನಾಗಿ ಬಿದ್ದು ರದ್ದಾಗುವುದು ಆ ಹುರಿಯಿಂದಲೇ. ಜಾಯಿಂಟುಗಳನ್ನು ಎದುರುಬದುರು ಹಾಕದೆ ಹಿಂದೆಮುಂದೆ ಹಾಕಿ, ಕ್ರಿಂಪ್ ಮೇಲೆ ಗೋಂದಿರುವ ಶ್ರಿಂಕ್ ಟ್ಯೂಬ್ ಏರಿಸಿ. ಹೊಸ ಕವಲು ತೆಗೆಯಬೇಕಾದರೆ ಶೀಲ್ಡ್ (ಲೋಹದ ಹೊದಿಕೆ) ಇರುವ ಜೆ1939 ಲೈನಿನಲ್ಲಿ 1 ಮೀಟರ್ ಮೀರಬಾರದು.

ಇಷ್ಟಾದರೂ ಸಿಗದಿದ್ದರೆ ಸ್ಕೋಪ್, ಅಂದರೆ ವೋಲ್ಟಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಉಪಕರಣ. 250 ಕಿಲೋಬಿಟ್ ಲೈನಿನಲ್ಲಿ ಒಂದು ಬಿಟ್ 4 ಮೈಕ್ರೋಸೆಕೆಂಡ್. ಹೈ ಮೇಲಕ್ಕೆ, ಲೋ ಕೆಳಕ್ಕೆ, ಕನ್ನಡಿ ಹಿಡಿದ ಹಾಗೆ ಕಾಣಬೇಕು. ಅಂಚುಗಳಲ್ಲಿ ಅಲೆ ಎದ್ದರೆ ರೆಸಿಸ್ಟರ್ ಅಥವಾ ಉದ್ದದ ಕವಲು, ಒಂದೇ ಬದಿ ಚಲಿಸಿದರೆ ಇನ್ನೊಂದು ಲೈನ್ ಕಡಿದಿದೆ. ಮೆಷಿನ್ ಮೇಲೆ ಇತ್ತೀಚೆಗೆ ವೆಲ್ಡಿಂಗ್ ಆಗಿದೆಯೇ ಎಂದೂ ಕೇಳಿ. ಬ್ಯಾಟರಿ ಮತ್ತು ಕಂಟ್ರೋಲರ್ ಬಿಚ್ಚದೆ ವೆಲ್ಡ್ ಮಾಡಿದ್ದರೆ, ಆಗ ಮಾತ್ರ ನಾನು ಇಸಿಎಂ ಕಡೆ ನೋಡುತ್ತೇನೆ.