ಹೊಸ ಬ್ಯಾಟರಿ ಹಾಕಿದರೂ 'ಟಕ್' ಅಂದು ಸುಮ್ಮನಾಗುತ್ತಿದ್ದ ಕಾರು

ರೊಟ್ಟಿ ಪಂಚಮಿ ದಿನ ಬೆಳಿಗ್ಗೆ ಗದಗಿಗೆ ಹೋಗಿ ತಂಗಿಯನ್ನು ಕರೆದುಕೊಂಡು ಬರಬೇಕಿತ್ತು. ಹುಬ್ಬಳ್ಳಿಯಿಂದ ಸುಮಾರು 60 ಕಿ.ಮೀ. ಏಳಕ್ಕೆ ಬಿಟ್ಟರೆ ಊಟದ ಹೊತ್ತಿಗೆ ವಾಪಸ್. ಕೀಲಿ ತಿರುಗಿಸಿದೆ. ಟಕ್. ಇನ್ನೊಮ್ಮೆ ತಿರುಗಿಸಿದೆ. ಮತ್ತೆ ಅದೇ ಒಂದು ಟಕ್. ಸೆಲ್ಫ್, ಅಂದರೆ ಇಂಜಿನ್ ಚಾಲೂ ಮಾಡುವ ಮೋಟರ್, ತಿರುಗಲೇ ಇಲ್ಲ.

ಸಿಟ್ಟು ಬಂದದ್ದು ಕಾರಿನ ಮೇಲಲ್ಲ, ನನ್ನ ಮೇಲೆ. ನಾಲ್ಕು ದಿನದ ಹಿಂದೆಯೂ ಹೀಗೇ ಆಗಿತ್ತು. ಪರಿಚಯದವರೊಬ್ಬರು ಬಾನೆಟ್ ಕೂಡ ಎತ್ತದೆ, "ಬ್ಯಾಟ್ರಿ ಹೋಗೇತ್ರಿ ಅಣ್ಣಾರ, ನಾಕ್ ವರ್ಷ ಆತಲ್ಲ" ಅಂದರು. ನಾನೂ ಹೂಂ ಅಂದೆ. ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಟ್ಟು, ಮೇಲೆ ನಾಲ್ಕು ಸಾವಿರ ಕೊಟ್ಟು ಹೊಸದು ಹಾಕಿಸಿದೆ. ನನ್ನ ಕಸುಬು ಮೋಟರ್ ರಿವೈಂಡಿಂಗ್. ಪಂಪ್‌ಸೆಟ್ ತರುವ ರೈತರಿಗೆ ದಿನಾ "ಮೊದ್ಲು ಮೀಟರ್ ಹಚ್ಚಿ ನೋಡೂಣ್ರಿ, ಆಮ್ಯಾಲೆ ಬಿಚ್ಚೂಣು" ಅಂತ ಹೇಳುವವನು. ನನ್ನ ಕಾರಿಗೆ ಮಾತ್ರ ಮೀಟರ್ ಹಚ್ಚಿರಲಿಲ್ಲ.

ಕಾರು ಸ್ಟಾರ್ಟ್ ಆಗಲ್ಲ ಅನ್ನೋದರಲ್ಲೇ ಎರಡು ಥರ ಇದೆ. ಸೆಲ್ಫ್ ಗರಗರ ತಿರುಗುತ್ತೆ, ಆದರೆ ಇಂಜಿನ್ ಹಿಡಿಯಲ್ಲ ಅಂದರೆ ಪೆಟ್ರೋಲ್, ಸ್ಪಾರ್ಕ್, ಇಲ್ಲಾ ಕೀಲಿಯ ಇಮೊಬಿಲೈಸರ್ (ಬೇರೆ ಕೀಲಿಗೆ ಇಂಜಿನ್ ಹಿಡಿಯದಂತೆ ತಡೆಯುವ ಕಳ್ಳತನದ ಕಾವಲು) ಕಡೆ ನೋಡಬೇಕು. ಸೆಲ್ಫೇ ತಿರುಗದಿದ್ದರೆ ಪ್ಲಗ್ ಬಿಚ್ಚಿ ಒರೆಸುತ್ತಾ ಕೂತು ಪ್ರಯೋಜನ ಇಲ್ಲ. ನನ್ನದು ಎರಡನೆಯದು.

ಮಗನನ್ನು ಒಳಗೆ ಕೂರಿಸಿದೆ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮೇಲೆ. ಬ್ಯಾಟರಿಯ ಎರಡೂ ಕಂಬಕ್ಕೆ ಮೀಟರ್ ಹಿಡಿದೆ. 12.6 ವೋಲ್ಟ್. ಅಂದರೆ ಪೂರ್ತಿ ಚಾರ್ಜ್ ಇದೆ. "ಈಗ ತಿರುಗ್ಸೋ" ಅಂದೆ. ಟಕ್. ಮೀಟರ್ 12ರ ಕೆಳಗೆ ಇಳಿಯಲೇ ಇಲ್ಲ. ಸುಳಿವು ಸಿಕ್ಕಿದ್ದೇ ಇಲ್ಲಿ. ಸೆಲ್ಫ್ ಮೋಟರ್ ನೂರು ಆಂಪಿಯರ್‌ಗಿಂತ ಜಾಸ್ತಿ ಎಳೆಯುವ ಪ್ರಾಣಿ. ಅದು ಸರಿಯಾಗಿ ಎಳೆದರೆ ಒಳ್ಳೆ ಬ್ಯಾಟರಿಯೂ ಹತ್ತು, ಹತ್ತೂವರೆಗೆ ಕುಸಿಯುತ್ತೆ. ಬ್ಯಾಟರಿ ಸತ್ತಿದ್ದರೆ ಒಂಬತ್ತಕ್ಕಿಂತಲೂ ಕೆಳಗೆ ಹೋಗಿ ಡ್ಯಾಶ್‌ಬೋರ್ಡ್ ಲೈಟೆಲ್ಲ ಮಂಕಾಗುತ್ತೆ. ಇಲ್ಲಿ ಹೆಡ್‌ಲೈಟ್ ಕಣ್ಣು ಕುಕ್ಕುವಂತೆ ಉರಿಯುತ್ತಿತ್ತು. ಕೊಡೋಕೆ ಬ್ಯಾಟರಿ ಸಿದ್ಧ, ಮೋಟರ್‌ಗೆ ತಲುಪುತ್ತಿಲ್ಲ. ಹಾಗಾದರೆ ನಡುವೆ ಎಲ್ಲೋ ಕಟ್ಟಿಕೊಂಡಿದೆ.

ಎಲ್ಲಿ ಅಂತ ಹುಡುಕೋಕೂ ಅದೇ ಮೀಟರ್ ಸಾಕು. ವೈರಿನ ಎರಡು ತುದಿಗೆ ಹಿಡಿದು ಕೀಲಿ ತಿರುಗಿಸಿದರೆ, ಆ ವೈರ್ ನಡುವೆ ಎಷ್ಟು ವೋಲ್ಟ್ ತಿನ್ನುತ್ತಿದೆ ಅಂತ ತೋರಿಸುತ್ತೆ. ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಕಂಬಕ್ಕೆ, ಇನ್ನೊಂದು ಸೆಲ್ಫ್ ಮೋಟರಿಗೆ ದಪ್ಪ ವೈರ್ ಬಂದು ಕೂರುವ ಬೋಲ್ಟಿಗೆ. ಕೀಲಿ ತಿರುಗಿಸಿದಾಗ 0.1 ವೋಲ್ಟ್. ಆ ಕಡೆ ಏನೂ ತಕರಾರಿಲ್ಲ. ಆಮೇಲೆ ಒಂದು ಕಡ್ಡಿ ಮೈನಸ್ ಕಂಬಕ್ಕೆ, ಇನ್ನೊಂದು ಇಂಜಿನ್ನಿನ ಬರೀ ಲೋಹಕ್ಕೆ. ಇಲ್ಲಿ ಅರ್ಧ ವೋಲ್ಟಿನೊಳಗೆ ಇರಬೇಕು. ಬಂದದ್ದು 6ಕ್ಕಿಂತ ಜಾಸ್ತಿ! ಅರ್ಧ ಬ್ಯಾಟರಿಯನ್ನೇ ಮೈನಸ್ ವೈರ್ ತಿಂದು ಹಾಕುತ್ತಿತ್ತು.

ಖಾತ್ರಿ ಮಾಡಿಕೊಳ್ಳೋಕೆ ಜಂಪರ್ ಕೇಬಲ್‌ನ ಒಂದು ಕಡೆ ಮೈನಸ್‌ಗೆ, ಇನ್ನೊಂದು ಕಡೆ ಇಂಜಿನ್ ಎತ್ತುವ ಕೊಕ್ಕೆಗೆ ಕಚ್ಚಿಸಿದೆ. ಮಗ ಕೀಲಿ ತಿರುಗಿಸಿದ್ದೇ ತಡ, ಒಂದೇ ಏಟಿಗೆ ಸ್ಟಾರ್ಟ್.

ಅಷ್ಟೊತ್ತಿಗೆ ತಂಗಿಯ ಫೋನ್ ಎರಡು ಸಲ ಬಂದಿತ್ತು. ಜಂಪರ್ ಹಾಗೇ ಕಟ್ಟಿಕೊಂಡು ಹೋಗೋಣ ಅಂತ ಒಂದು ಗಳಿಗೆ ಅನಿಸಿತು, ಸುಳ್ಳು ಹೇಳಲ್ಲ. ಅಣ್ಣಿಗೇರಿ ಹತ್ತಿರ ಅದು ಕಳಚಿ ಫ್ಯಾನಿಗೆ ಸಿಕ್ಕರೆ? ಇಂಜಿನ್ ಬಂದ್ ಮಾಡಿ 10 ನಂಬರ್ ಪಾನಾ ತೆಗೆದುಕೊಂಡೆ.

ಮೊದಲು ಮೈನಸ್ ಬಿಚ್ಚಬೇಕು, ಹಾಕುವಾಗ ಮೈನಸ್ ಕೊನೆಗೆ. ಮೈನಸ್ ಇನ್ನೂ ಇರುವಾಗ ಪ್ಲಸ್ ಬಿಚ್ಚಲು ಹೋಗಿ ಪಾನಾ ಕಾರಿನ ಬಾಡಿಯ ಲೋಹಕ್ಕೆ ತಗುಲಿದರೆ ಕಿಡಿ ಹಾರುತ್ತೆ. ಪಾನಾ ಕೆಂಪಗೆ ಕಾಯೋದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನನ್ನ ಕಾರಿನಲ್ಲಿ ಮೈನಸ್‌ನಿಂದ ಎರಡು ವೈರ್ ಹೊರಡುತ್ತವೆ. ತೆಳ್ಳಗಿನದು ಕಾರಿನ ಬಾಡಿಯ ಲೋಹಕ್ಕೆ, ದಪ್ಪದ್ದು ಇಂಜಿನ್ನಿಗೆ ಬಿಗಿದಿರುವ ಗೇರ್‌ಬಾಕ್ಸಿಗೆ. ತೆಳ್ಳಗಿನದು ಸರಿ ಇದ್ದದ್ದಕ್ಕೇ ಹೆಡ್‌ಲೈಟ್ ಜೋರಾಗಿ ಉರಿಯುತ್ತಿತ್ತು. ದಪ್ಪದ್ದು ಗೇರ್‌ಬಾಕ್ಸ್ ಮೇಲೆ ಕೂರುವ ಜಾಗದಲ್ಲಿ ನಮ್ಮ ಕಡೆಯ ಎರೆಮಣ್ಣು ಗಟ್ಟಿಯಾಗಿ ಮೆತ್ತಿತ್ತು. ಆ ಮಣ್ಣು ನೀರು ಹಿಡಿದರೆ ಬಿಡಲ್ಲ, ಎಷ್ಟು ಮಳೆಗಾಲದ ತೇವ ಕುಡಿದಿತ್ತೋ. ಕೆರೆದೆ. ಒಳಗೆ ಲಗ್, ಅಂದರೆ ಬೋಲ್ಟಿಗೆ ಕೂರುವ ವೈರ್ ತುದಿಯ ಲೋಹದ ಬಳೆ, ಹಸಿರು ಪುಡಿಯಾಗಿತ್ತು. ಬೆರಳಿನಿಂದ ಒತ್ತಿದರೆ ವೈರ್ ಹಪ್ಪಳದ ಹಾಗೆ ಚರಚರ ಅಂದಿತು. ಸಿಪ್ಪೆ ಸೀಳಿ ನೋಡಿದರೆ ಮೂರು ಇಂಚಿನವರೆಗೆ ತಾಮ್ರ ಕಪ್ಪು. ಬ್ಯಾಟರಿ ಬದಲಿಸುವಾಗ ಈ ವೈರ್ ಅಲುಗಾಡಿ ಒಂಚೂರು ಕಚ್ಚಿಕೊಂಡಿರಬೇಕು. ಆ ನಾಲ್ಕು ದಿನ ಓಡಿದ್ದು ಅದರ ಮೇಲೇ.

ಅಂಗಡಿಯಲ್ಲಿ 25 ಸ್ಕ್ವೇರ್ ಎಂಎಂ ತಾಮ್ರದ ವೈರ್ ಇತ್ತು. ಅಳತೆಗೆ ಕತ್ತರಿಸಿ, ಎರಡೂ ಕಡೆ ಲಗ್ ಕ್ರಿಂಪ್ ಮಾಡಿದೆ, ಅಂದರೆ ಅಮುಕಿ ಕೂರಿಸಿದೆ. ಹಳೇ ವೈರ್ ಕತ್ತರಿಸಿ ಹೊಸ ಲಗ್ ಹೊಡೆದರೆ ಸಾಲದಾ ಅಂತ ಕೇಳಬಹುದು. ತಾಮ್ರ ಕಪ್ಪಾಗಿದ್ದರೆ ಸಾಲದು, ಹಿಡಿಯಲ್ಲ. ಗೇರ್‌ಬಾಕ್ಸ್ ಮೇಲೆ ಲಗ್ ಕೂರುವ ಜಾಗವನ್ನು ವೈರ್ ಬ್ರಶ್, ಆಮೇಲೆ ಪಾಲಿಶ್ ಪೇಪರ್ ಹಾಕಿ ಬೆಳ್ಳಗೆ ಹೊಳೆಯೋವರೆಗೆ ತಿಕ್ಕಿದೆ. ಬೋಲ್ಟ್ ಬಿಗಿ ಮಾಡಿದ ಮೇಲೆ ಮೇಲಿಂದ ಗ್ರೀಸ್ ಬಳಿದೆ.

ಮತ್ತೆ ಮೀಟರ್. ಮೈನಸ್ ಕಂಬದಿಂದ ಇಂಜಿನ್ನಿಗೆ 0.15. ಸೆಲ್ಫ್ ಹೊಡೆಯುವಾಗ ಬ್ಯಾಟರಿ 10.7. ಇಂಜಿನ್ ಓಡುವಾಗ 14.1, ಅಂದರೆ ಚಾರ್ಜಿಂಗೂ ಸರಿ ಇದೆ.

ಗದಗ ಮುಟ್ಟಿದಾಗ ಹನ್ನೊಂದೂವರೆ. ತಂಗಿ ಉಂಡಿ ಡಬ್ಬಿ ಕೊಡಲು ಬಂದವಳು ನನ್ನ ಕೈ ನೋಡಿ, "ಮೊದ್ಲ ಕೈ ತೊಳ್ಕೊಳೋ ಅಣ್ಣಾ" ಅಂದಳು.

ವಾಪಸ್ ಬರುವಾಗ ಕ್ಲಚ್ ಬಿಗಿ ಅನಿಸಿತು. ಮನೆಯಲ್ಲಿ ಬಾನೆಟ್ ಎತ್ತಿ ನೋಡಿದರೆ ಕ್ಲಚ್ ಕೇಬಲ್‌ನ ಪ್ಲಾಸ್ಟಿಕ್ ಒಂದು ಕಡೆ ಕರಗಿ ಉಬ್ಬಿತ್ತು. ಬೆಳಿಗ್ಗೆ ಮೇಲಿಂದ ಮೇಲೆ ಕೀಲಿ ತಿರುಗಿಸಿದ್ದೆನಲ್ಲ, ದಪ್ಪ ಮೈನಸ್ ವೈರಿನ ದಾರಿ ಸಿಗದ ಕರೆಂಟ್ ಕ್ಲಚ್ ಕೇಬಲ್ ಹಿಡಿದು ಕಾರಿನ ಬಾಡಿಯ ಲೋಹಕ್ಕೆ ಹರಿದಿತ್ತು. ಮುಂದಿನ ಸೋಮವಾರ ಅದನ್ನೂ ಬದಲಿಸಿದೆ.